ಗೊತ್ತಿದ್ದೂ ಬರೆಯದ ಚೀಟಿ

ವೈದ್ಯರ ತಪ್ಪುಗಳ ಬಗ್ಗೆ ನಮ್ಮಲ್ಲಿ ಎರಡು ಮಾತು ಚಾಲ್ತಿಯಲ್ಲಿವೆ. ಒಂದು, ಅವರಿಗೆ ಏನೂ ಗೊತ್ತಿಲ್ಲ. ಇನ್ನೊಂದು, ಅವರಿಗೆ ಎಲ್ಲವೂ ಗೊತ್ತು, ಆದರೆ ದುಡ್ಡಿನಾಸೆ. ಬಸ್ಸಿನಲ್ಲಿ, ಮದುವೆ ಮನೆಯಲ್ಲಿ, ಆಸ್ಪತ್ರೆಯ ಜಗುಲಿಯಲ್ಲಿ ಇವೆರಡರಲ್ಲಿ ಒಂದು ಕಿವಿಗೆ ಬೀಳದೆ ಇರುವುದಿಲ್ಲ. ಆಳುವವರ ಬಳಿಯೂ ಇವಕ್ಕೆ ತಕ್ಕ ಎರಡೇ ಔಷಧಿಗಳಿವೆ. ಗೊತ್ತಿಲ್ಲದವರಿಗೆ ತರಬೇತಿ, ಆಸೆಬುರುಕರಿಗೆ ಕಾನೂನು. 2024ರ ಫೆಬ್ರವರಿಯಲ್ಲಿ ‘ಸೈನ್ಸ್’ ಪತ್ರಿಕೆ ಪ್ರಕಟಿಸಿದ ಒಂದು ಅಧ್ಯಯನ ಈ ಎರಡೂ ನಂಬಿಕೆಗಳನ್ನು ಅಲುಗಾಡಿಸುತ್ತದೆ. ಅದು ನಡೆದದ್ದು ನಮ್ಮ ಕರ್ನಾಟಕದ ಮತ್ತು ಬಿಹಾರದ ಪಟ್ಟಣಗಳಲ್ಲಿ. ಅದನ್ನು ನಿಧಾನವಾಗಿ ಓದಬೇಕು. ಮೆಚ್ಚುವುದಕ್ಕೂ ಜಗಳವಾಡುವುದಕ್ಕೂ ಅದರಲ್ಲಿ ಸಾಕಷ್ಟಿದೆ.

ಅಧ್ಯಯನದ ವಿಷಯ ಮಕ್ಕಳ ಭೇದಿ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 5 ಲಕ್ಷ ಮಕ್ಕಳು ಇದರಿಂದ ಸಾಯುತ್ತಾರೆ. ಅವರಲ್ಲಿ ಬಹುತೇಕರನ್ನು ಉಳಿಸಬಲ್ಲ ಮದ್ದು ಯಾವುದೆಂಬುದು ಅರ್ಧ ಶತಮಾನದಿಂದ ಎಲ್ಲರಿಗೂ ಗೊತ್ತಿದೆ. ಅದು ಓಆರ್‌ಎಸ್ ಪುಡಿ. ಒಂದು ಲೀಟರ್ ನೀರಿಗೆ ಹದಿಮೂರೂವರೆ ಗ್ರಾಂ ಗ್ಲೂಕೋಸ್, ಮೂರು ಗ್ರಾಮಿಗೂ ಕಡಿಮೆ ಉಪ್ಪು, ಜೊತೆಗೆ ಸ್ವಲ್ಪ ಪೊಟ್ಯಾಸಿಯಂ ಮತ್ತು ಸಿಟ್ರೇಟ್ ಲವಣ. ಸಕ್ಕರೆಯ ಅಂಶ ಜೊತೆಗಿದ್ದರೆ ಸಣ್ಣಕರುಳು ಉಪ್ಪನ್ನು ಹೀರಿಕೊಳ್ಳುತ್ತದೆ, ಉಪ್ಪಿನ ಹಿಂದೆ ನೀರೂ ಒಳಕ್ಕೆ ಹೋಗುತ್ತದೆ. 1968ರಲ್ಲಿ ಢಾಕಾದಲ್ಲಿ ಡೇವಿಡ್ ನಲಿನ್ ಮತ್ತು ರಿಚರ್ಡ್ ಕ್ಯಾಶ್ ಕಾಲರಾ ರೋಗಿಗಳ ಮೇಲೆ ಇದನ್ನು ತೋರಿಸಿಕೊಟ್ಟರು. 1971ರಲ್ಲಿ ಪೂರ್ವ ಪಾಕಿಸ್ತಾನದಿಂದ ಓಡಿಬಂದ ನಿರಾಶ್ರಿತರ ನಡುವೆ, ಬಂಗಾಳದ ಬಾಂಗಾಂವ್‌ನಲ್ಲಿ, ಡಾ. ದಿಲೀಪ್ ಮಹಲನೋಬಿಸ್ ಅವರ ಬಳಿ ಸಲೈನ್ ಬಾಟಲಿಗಳು ಮುಗಿದುಹೋದಾಗ ಅವರು ಈ ನೀರನ್ನೇ ಡ್ರಮ್ಮುಗಳಲ್ಲಿ ಕಲಸಿ, ಕುಡಿಸುವ ಕೆಲಸವನ್ನು ರೋಗಿಗಳ ಮನೆಯವರಿಗೆ ಒಪ್ಪಿಸಿದರು. ನೂರಕ್ಕೆ 30ರಷ್ಟಿದ್ದ ಸಾವು 4ಕ್ಕೂ ಕೆಳಗೆ ಇಳಿಯಿತು. 2022ರಲ್ಲಿ ಅವರು ತೀರಿಕೊಂಡರು. ಮರುವರ್ಷ ದೇಶ ಅವರಿಗೆ ಪದ್ಮವಿಭೂಷಣ ಕೊಟ್ಟಿತು.

ಇಷ್ಟು ಅಗ್ಗದ, ಇಷ್ಟು ಪರೀಕ್ಷಿತವಾದ ಮದ್ದನ್ನು ಚಿಕಿತ್ಸೆ ಕೊಡುವವರು ಏಕೆ ಬರೆಯುವುದಿಲ್ಲ? ಕೇಳಿದರೆ ಉತ್ತರ ಸರಿಯಾಗಿಯೇ ಬರುತ್ತದೆ, ಓಆರ್‌ಎಸ್ ಕೊಡಬೇಕು ಎನ್ನುತ್ತಾರೆ. ರೋಗಿ ಎದುರಿಗೆ ಬಂದಾಗ ಚೀಟಿಯಲ್ಲಿ ಕಾಣುವುದು ಆಂಟಿಬಯಾಟಿಕ್. ಸಂಶೋಧಕರು ಇದನ್ನು ಅರಿವಿಗೂ ಆಚರಣೆಗೂ ನಡುವಿನ ಕಂದರ ಎಂದು ಕರೆಯುತ್ತಾರೆ. ನಡೆ-ನುಡಿ ಒಂದಾಗದಿರುವುದು ಎಂದರೆ ನಮಗೆ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ.

ಜಕಾರಿ ವ್ಯಾಗ್ನರ್, ಮನೋಜ್ ಮೋಹನನ್, ಬೆಂಗಳೂರಿನ ಐಐಎಂನ ಅರ್ಣಬ್ ಮುಖರ್ಜಿ ಮುಂತಾದವರಿದ್ದ ತಂಡ ಈ ಕಂದರಕ್ಕೆ ಇಳಿದು ನೋಡಲು ಒಂದು ಉಪಾಯ ಹೂಡಿತು. 253 ಪಟ್ಟಣಗಳಲ್ಲಿ ಖಾಸಗಿಯಾಗಿ ಚಿಕಿತ್ಸೆ ಕೊಡುವ 2282 ಮಂದಿಯ ಬಳಿಗೆ, ಮೆಡಿಕಲ್ ಶಾಪಿನವರೂ ಸೇರಿದಂತೆ, ತರಬೇತಿ ಪಡೆದ ‘ರೋಗಿಗಳು’ ಹೋದರು. ಎರಡು ವರ್ಷದ ಮಗುವಿಗೆ ಭೇದಿಯಾಗಿದೆ, ಮಗು ಮನೆಯಲ್ಲಿದೆ ಎಂಬುದು ಅವರ ಕಥೆ. ಕೆಲವರು ಓಆರ್‌ಎಸ್ ಪೊಟ್ಟಣದ ಚಿತ್ರ ತೋರಿಸಿದರು, ಕೆಲವರು ಆಂಟಿಬಯಾಟಿಕ್‌ನ ಚಿತ್ರ ತೋರಿಸಿದರು, ಕೆಲವರು ಏನು ಕೊಡುತ್ತೀರಿ ಎಂದಷ್ಟೇ ಕೇಳಿದರು. ಈ ಕೊನೆಯ ಗುಂಪಿನಲ್ಲಿ ಕೆಲವರು ‘ಔಷಧಿ ಬೇರೆ ಕಡೆ ತೆಗೆದುಕೊಳ್ಳುತ್ತೇವೆ’ ಎಂದೂ ಸೇರಿಸಿದರು. ಮಾರಾಟದ ಲಾಭ ಕೈತಪ್ಪಿದಾಗ ಚೀಟಿ ಬದಲಾಗುತ್ತದೆಯೇ ಎಂದು ನೋಡುವುದು ಇದರ ಉದ್ದೇಶ. ಜೊತೆಗೆ, ಅರ್ಧದಷ್ಟು ಪಟ್ಟಣಗಳಿಗೆ ಆರು ವಾರಕ್ಕೆ ಸಾಕಾಗುವಷ್ಟು ಓಆರ್‌ಎಸ್ ಅನ್ನು ಮೊದಲೇ ತಲುಪಿಸಿಡಲಾಗಿತ್ತು.

ರೋಗಿಯ ಕಡೆಯವರು ಓಆರ್‌ಎಸ್ ಬೇಕೆಂದು ಸೂಚಿಸಿದಾಗ ಅದನ್ನು ಬರೆದುಕೊಟ್ಟವರ ಪ್ರಮಾಣ ನೂರಕ್ಕೆ 27ರಷ್ಟು ಮೇಲೇರಿತು. ದಾಸ್ತಾನು ಒದಗಿಸಿದ್ದರಿಂದ ಏರಿದ್ದು 7 ಮಾತ್ರ. ಲಾಭದ ಆಮಿಷ ತೆಗೆದಾಗ ಮೆಡಿಕಲ್ ಶಾಪುಗಳಲ್ಲಿ ವ್ಯತ್ಯಾಸವಾಯಿತು, ಒಟ್ಟಾರೆಯಾಗಿ ಆಗಲಿಲ್ಲ. ‘ರೋಗಿಗೆ ಇದು ಬೇಡ’ ಎಂಬ ಊಹೆಯೇ ಈ ಕೊರತೆಯ ನೂರಕ್ಕೆ 42 ಭಾಗಕ್ಕೆ ಕಾರಣ, ದಾಸ್ತಾನಿಲ್ಲದಿರುವುದು 6 ಭಾಗಕ್ಕೆ, ಹಣದ ಆಸೆ 5 ಭಾಗಕ್ಕೆ ಎಂದು ತಂಡ ಲೆಕ್ಕ ಹಾಕಿದೆ.

ಬೆಚ್ಚಿಬೀಳಿಸುವ ಲೆಕ್ಕವಿದು. ಮಗುವಿನ ಮನೆಯವರು ಸೂಜಿ, ಗ್ಲೂಕೋಸ್ ಬಾಟಲಿ, ಬಣ್ಣದ ಮಾತ್ರೆಗಳನ್ನು ಬಯಸುತ್ತಾರೆ ಎಂದು ಡಾಕ್ಟರು ಎಣಿಸುತ್ತಾರೆ. ಡಾಕ್ಟರು ಬರೆದದ್ದೇ ಒಳ್ಳೆಯ ಔಷಧಿ ಎಂದು ಮನೆಯವರು ಎಣಿಸುತ್ತಾರೆ. ಇಬ್ಬರೂ ಒಬ್ಬರನ್ನೊಬ್ಬರು ಕೇಳುವುದಿಲ್ಲ. ಈ ಊಹೆ ಪೂರ್ತಿ ಗಾಳಿಯಲ್ಲಿ ಹುಟ್ಟಿದ್ದೂ ಅಲ್ಲ. ಓಆರ್‌ಎಸ್ ಭೇದಿಯನ್ನು ನಿಲ್ಲಿಸುವುದಿಲ್ಲ. ಕಳೆದುಹೋದ ನೀರನ್ನೂ ಲವಣವನ್ನೂ ತುಂಬಿ ಮಗುವನ್ನು ಉಳಿಸುತ್ತದೆ ಅಷ್ಟೆ. ಪುಡಿ ಕುಡಿಸಿದ ಮೇಲೂ ಮಗು ಬಟ್ಟೆ ಹಾಳು ಮಾಡುತ್ತಲೇ ಇದ್ದರೆ ಅಜ್ಜಿ ಸುಮ್ಮನಿರುತ್ತಾಳೆಯೇ? ‘ಈ ಡಾಕ್ಟ್ರ ಕೈಗುಣ ಚೆನ್ನಾಗಿಲ್ಲ’ ಎಂಬ ತೀರ್ಪು ಅದೇ ಸಂಜೆ ಹೊರಬೀಳುತ್ತದೆ.

ಈ ಬಗೆಯ ಸಂಶೋಧನೆಗೆ ಒಂದು ಹಿನ್ನೆಲೆಯಿದೆ. ರೋಗಿಯ ವೇಷ ಹಾಕಿಸುವ ಪದ್ಧತಿ ಮೊದಲು ಹುಟ್ಟಿದ್ದು ವೈದ್ಯಕೀಯ ಶಿಕ್ಷಣದೊಳಗೆ. 1963ರಲ್ಲಿ ಅಮೆರಿಕದ ನರರೋಗ ತಜ್ಞ ಹೋವರ್ಡ್ ಬ್ಯಾರೋಸ್ ವಿದ್ಯಾರ್ಥಿಗಳನ್ನು ಪರೀಕ್ಷಿಸಲು ಇದನ್ನು ಬಳಸಿದರು. ತರಗತಿಯ ಈ ಸಾಧನವನ್ನು ಜಿಷ್ಣು ದಾಸ್ ಮತ್ತು ಅವರ ಸಂಗಡಿಗರು ಭಾರತದ ಹಳ್ಳಿಗಳಿಗೆ ತಂದರು. ಅದಕ್ಕೂ ಮೊದಲು, 2007ರಲ್ಲಿ ಪ್ರಕಟವಾದ ದೆಹಲಿಯ ಅಧ್ಯಯನದಲ್ಲಿ, ಅವರೂ ಜೆಫ್ರಿ ಹ್ಯಾಮರ್ ಅವರೂ ವೈದ್ಯರಿಗೆ ಏನು ಗೊತ್ತಿದೆ ಎಂದು ಕಾಲ್ಪನಿಕ ರೋಗಿಗಳ ಕಥೆ ಹೇಳಿ ಅಳೆದರು, ಅವರ ಕೊಠಡಿಯಲ್ಲೇ ಕುಳಿತು ಅವರು ಮಾಡುವುದೇನು ಎಂದೂ ನೋಡಿದರು. ಮಾಡಿದ್ದು ಗೊತ್ತಿದ್ದುದಕ್ಕಿಂತ ಕಡಿಮೆಯಿತ್ತು.

2016ರಲ್ಲಿ ಬಂದ ಮಧ್ಯಪ್ರದೇಶದ ಅಧ್ಯಯನ ಇನ್ನೂ ಮುಂದೆ ಹೋಯಿತು. ಸರಕಾರಿ ಚಿಕಿತ್ಸಾಲಯಗಳಲ್ಲಿ ವೇಷದ ರೋಗಿಗೆ ಸಿಕ್ಕ ಸಮಯ ಸರಾಸರಿ 2.4 ನಿಮಿಷ. ಸಂಜೆ ಸ್ವಂತ ಕ್ಲಿನಿಕ್ ನಡೆಸುವ ಸರಕಾರಿ ವೈದ್ಯರನ್ನೇ ಆರಿಸಿ ಎರಡೂ ಕಡೆ ಅದೇ ಕಾಯಿಲೆಯ ರೋಗಿಯನ್ನು ಕಳಿಸಿದಾಗ, ಅದೇ ವೈದ್ಯ ತನ್ನ ಕ್ಲಿನಿಕ್‌ನಲ್ಲಿ ಹೆಚ್ಚು ಪ್ರಶ್ನೆ ಕೇಳಿದ, ಸರಿಯಾದ ಚಿಕಿತ್ಸೆ ಕೊಡುವ ಸಾಧ್ಯತೆಯೂ ಅಲ್ಲಿ ಹೆಚ್ಚಿತ್ತು. ತಲೆಯೊಳಗಿನ ವಿದ್ಯೆ ಒಂದೇ. ಕುರ್ಚಿ ಬದಲಾದಾಗ ಮನುಷ್ಯ ಬದಲಾದ.

ನನ್ನ ಜಗಳ ಇಲ್ಲಿಂದ ಶುರುವಾಗುತ್ತದೆ. ಮಧ್ಯಪ್ರದೇಶದ ಲೆಕ್ಕವನ್ನೂ ಕರ್ನಾಟಕ-ಬಿಹಾರದ ಲೆಕ್ಕವನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ, ಹಣದ ಪಾತ್ರ ಐದೇ ಭಾಗ ಎಂಬ ಮಾತು ಒಪ್ಪಿಗೆಯಾಗುವುದಿಲ್ಲ. ಅಧ್ಯಯನ ಅಳೆದದ್ದು ಆ ಹೊತ್ತಿನ ಔಷಧಿ ಮಾರಾಟದ ಲಾಭವನ್ನು ಮಾತ್ರ. ಬರೀ ಪುಡಿ ಕೊಟ್ಟು ಕಳಿಸಿದರೆ ಈ ಮನೆಯವರು ಮುಂದಿನ ಸಲ ಎದುರು ಬೀದಿಯ ಡಾಕ್ಟರ ಬಳಿಗೆ ಹೋಗುತ್ತಾರೆ ಎಂಬ ಭಯ ಹಣದ ಭಯವಲ್ಲವೇ? ಸಂಶೋಧಕರು ಅದನ್ನು ‘ರೋಗಿಯ ಇಷ್ಟದ ಕುರಿತ ಊಹೆ’ ಎಂಬ ಖಾತೆಗೆ ಬರೆದಿದ್ದಾರೆ. ಊಹೆ ಸುಮ್ಮನೆ ಊಹೆಯಾಗಿದ್ದರೆ ಒಂದು ಪ್ರಶ್ನೆಯಿಂದ ಅದನ್ನು ಸರಿಪಡಿಸಿಕೊಳ್ಳಬಹುದಿತ್ತು. ‘ಪುಡಿ ಕೊಟ್ಟರೆ ಸಾಕಾ, ಏನಂತೀರಿ?’ ಎಂದು ಕೇಳಲು ಐದು ಸೆಕೆಂಡು ಸಾಕು. ಕೇಳದಿರುವುದಕ್ಕೆ ಕಾರಣ, ಕೇಳಿದರೆ ವೈದ್ಯನ ಗತ್ತು ಇಳಿಯುತ್ತದೆ ಎಂಬ ಅಳುಕು. ಗತ್ತು ಇಳಿದರೆ ಗಿರಾಕಿ ಕಡಿಮೆ. ಪೇಟೆಯ ನಿಯಮ ಮನಸ್ಸಿನೊಳಕ್ಕೆ ಹೋಗಿ ಕುಳಿತ ಮೇಲೆ ಅದನ್ನು ಮನಸ್ಸಿನ ವಿಷಯ ಎಂದು ಲೆಕ್ಕ ಹಾಕುವುದು ವೈದ್ಯವೃತ್ತಿಗೆ ತೋರಿದ ಅತಿಯಾದ ಔದಾರ್ಯ. 42, 6, 5 ಕೂಡಿದರೆ 53. ಉಳಿದ 47 ಭಾಗದ ಕಾರಣ ಇನ್ನೂ ಯಾರ ಖಾತೆಗೂ ಸೇರಿಲ್ಲ ಎಂಬುದನ್ನೂ ಓದುಗರು ಗಮನಿಸಬೇಕು.

ಇನ್ನೊಂದು ತಕರಾರು ಚಿಕ್ಕದು. ಮಗುವನ್ನು ಕರೆದೊಯ್ಯದೆ ಹೋದದ್ದು ನೈತಿಕವಾಗಿ ಸರಿ. ಸಂಶೋಧನೆಗಾಗಿ ಮಗುವಿಗೆ ಸೂಜಿ ಚುಚ್ಚಿಸಲಾಗದು. ಆದರೆ ಒಳ್ಳೆಯ ವೈದ್ಯರು ಹೊಟ್ಟೆಯ ಚರ್ಮ ಚಿವುಟಿ, ಕಣ್ಣಿನ ಗುಳಿ ನೋಡಿ ನೀರಿನ ಕೊರತೆ ಅಳೆಯುತ್ತಾರೆ. ಆ ಅವಕಾಶ ಇಲ್ಲಿ ಯಾರಿಗೂ ಸಿಗಲಿಲ್ಲ.

ದೊಡ್ಡ ಪ್ರಶ್ನೆ ಬೇರೆಯದು. ‘ರೋಗಿ ಕೇಳಿದರೆ ವೈದ್ಯ ಕೊಡುತ್ತಾನೆ’ ಎಂಬುದು ಅಧ್ಯಯನದ ಸಾರವಾದರೆ, ಕೇಳಬಲ್ಲ ರೋಗಿ ಯಾರು? ತರಬೇತಾದ ನಟನಿಗೆ ಚಿತ್ರ ತೋರಿಸುವುದು ಕೆಲಸ. ಕೂಲಿ ಬಿಟ್ಟು, ಕಂಕುಳಲ್ಲಿ ಮಗು, ಕೈಯಲ್ಲಿ ಇನ್ನೊಂದು ಮಗು ಹಿಡಿದು ಸಾಲಿನಲ್ಲಿ ನಿಂತ ತಾಯಿ ‘ಡಾಕ್ಟ್ರೇ, ಓಆರ್‌ಎಸ್ ಬರೀರಿ’ ಎಂದರೆ ‘ಡಾಕ್ಟರ್ ನೀನಾ ನಾನಾ?’ ಎಂಬ ಉತ್ತರ ಬರುವುದಿಲ್ಲವೆಂದು ಯಾರು ಹೇಳಿಯಾರು? ಭಾಷೆ, ಉಡುಗೆ, ಹೆಸರು, ಕೇರಿ ಇವುಗಳಿಂದಲೇ ಮನುಷ್ಯರನ್ನು ಅಳೆಯುವ ನಾಡಿನಲ್ಲಿ ಕೇಳುವ ಧೈರ್ಯ ಎಲ್ಲರಿಗೂ ಸಮನಾಗಿ ಹಂಚಿಕೆಯಾಗಿಲ್ಲ. ವೈದ್ಯರ ಲೋಪವನ್ನು ತುಂಬುವ ಹೊಣೆ ಕೊನೆಗೆ ಬಡವರ ಬಾಯಿಗೇ ಬಂದು ಬೀಳುವುದಾದರೆ ನಾವು ಹುಷಾರಾಗಿರಬೇಕು.

ಹಾಗಾದರೆ ತರಬೇತಿ ಪೂರ್ತಿ ದಂಡವೇ? ಅಲ್ಲ. ಪಶ್ಚಿಮ ಬಂಗಾಳದ ಬೀರ್‌ಭೂಮ್ ಜಿಲ್ಲೆಯಲ್ಲಿ ಲಿವರ್ ಫೌಂಡೇಶನ್ ಎಂಬ ಸಂಸ್ಥೆ ಪದವಿಯಿಲ್ಲದ ಹಳ್ಳಿ ವೈದ್ಯರಿಗೆ ಒಂಬತ್ತು ತಿಂಗಳು ಪಾಠ ಮಾಡಿತು. 304 ಮಂದಿಯ ಮೇಲೆ ನಡೆದ ಈ ಪ್ರಯೋಗದ ಫಲಿತಾಂಶ 2016ರಲ್ಲಿ ಅದೇ ‘ಸೈನ್ಸ್’ನಲ್ಲಿ ಬಂತು. ಪಾಠ ಕೇಳಿದವರ ಸರಿಯಾದ ಚಿಕಿತ್ಸೆಯ ಪ್ರಮಾಣ ನೂರಕ್ಕೆ ಸುಮಾರು 8ರಷ್ಟು ಏರಿತು. ಬೇಡದ ಔಷಧಿಯೂ ಆಂಟಿಬಯಾಟಿಕ್ಕೂ ಇಳಿಯಲಿಲ್ಲ. ಪಾಠದಿಂದ ಮನುಷ್ಯ ಹೊಸದೊಂದನ್ನು ಮಾಡಲು ಕಲಿಯುತ್ತಾನೆ, ಹಳೆಯದನ್ನು ಬಿಡಲು ಕಲಿಯುವುದಿಲ್ಲ ಎಂದು ಈ ಫಲಿತಾಂಶವನ್ನು ನಾನು ಓದುತ್ತೇನೆ. ನಮ್ಮ ಎಂಬಿಬಿಎಸ್ ಪಠ್ಯಕ್ಕೆ 2019ರ ತಂಡದಿಂದ ನಡವಳಿಕೆ, ನೀತಿ ಮತ್ತು ಸಂವಹನದ ಪಾಠಗಳು ಸೇರಿವೆ. ಒಳ್ಳೆಯದೇ. ಆದರೆ ಆ ಪಾಠ ಕಲಿತ ಹುಡುಗಿ ನಾಳೆ ಕೂರುವುದು ರೋಗಿಗೆ ಎರಡೂವರೆ ನಿಮಿಷ ಸಿಗುವ ಕುರ್ಚಿಯಲ್ಲಿ. ಹಿರಿಯ ವೈದ್ಯರು ಹೇಗೆ ಬರೆಯುತ್ತಾರೋ ಹಾಗೆ ಬರೆಯುವುದನ್ನು ಅವಳು ಆ ಕುರ್ಚಿಯಿಂದ ಕಲಿಯುತ್ತಾಳೆ.

ಜನರಿಗೆ ಕಲಿಸುವ ಕೆಲಸಕ್ಕೆ ನೆರೆಯ ಬಾಂಗ್ಲಾದೇಶದಲ್ಲಿ ಒಂದು ಮೇಲ್ಪಂಕ್ತಿಯಿದೆ, ಅದರ ಏಳುಬೀಳು ನಮಗೆ ಬೇಕಾದದ್ದು. ಬ್ರ್ಯಾಕ್ ಸಂಸ್ಥೆಯ ಕಾರ್ಯಕರ್ತೆಯರು 1980ರಿಂದ 1990ರವರೆಗೆ ಸುಮಾರು 1 ಕೋಟಿ 20 ಲಕ್ಷ ಮನೆಗಳಿಗೆ ಹೋಗಿ, ಮೂರು ಬೆರಳಿನ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು ಬೆರೆಸುವುದನ್ನು ತಾಯಂದಿರಿಗೆ ಕಲಿಸಿದರು. ಎಷ್ಟು ಮನೆಗೆ ಹೋದರು ಎಂಬುದರ ಮೇಲೆ ಅವರಿಗೆ ಸಂಬಳವಿರಲಿಲ್ಲ. ತಾಯಂದಿರು ಎಷ್ಟು ನೆನಪಿಟ್ಟುಕೊಂಡರು ಎಂಬುದನ್ನು ಆಮೇಲೆ ಪರೀಕ್ಷಿಸಿ ಹಣ ಕೊಡುತ್ತಿದ್ದರು. ತಾಯಂದಿರು ಚೆನ್ನಾಗಿಯೇ ನೆನಪಿಟ್ಟುಕೊಂಡರು, ಆದರೆ ಮೊದಮೊದಲು ಮಗುವಿಗೆ ಕೊಟ್ಟವರು ಕಡಿಮೆ. ಅಲ್ಲಿಯೂ ಅದೇ ಕಂದರ! ಹುಡುಕಿದಾಗ ಎರಡು ಸಂಗತಿ ಹೊರಬಿದ್ದವು. ಕಲಿಸುವ ಕಾರ್ಯಕರ್ತೆಯರಿಗೇ ಈ ನೀರಿನ ಮೇಲೆ ಪೂರ್ತಿ ನಂಬಿಕೆಯಿರಲಿಲ್ಲ. ಮನೆಯ ಗಂಡಸರಿಗೆ ಯಾರೂ ವಿಷಯ ಹೇಳಿರಲಿಲ್ಲ. ಆಮೇಲೆ ಕಾರ್ಯಕರ್ತೆಯರಿಗೆ ಅದರ ವಿಜ್ಞಾನವನ್ನು ಬಿಡಿಸಿ ಹೇಳಲಾಯಿತು. ಗಂಡಸರ ಜೊತೆ ಸಂತೆಗಳಲ್ಲಿ, ಶಾಲೆಗಳಲ್ಲಿ, ಮಸೀದಿಗಳಲ್ಲಿ ಮಾತುಕತೆ ನಡೆಯಿತು.

ಕರ್ನಾಟಕ-ಬಿಹಾರದ ತಂಡ ಈ ಕಥೆಯ ಜೊತೆ ತನ್ನ ಲೆಕ್ಕವನ್ನು ಹೊಂದಿಸಿ ಮುಂದಿನ ಪ್ರಯೋಗ ಮಾಡಲಿ. ಚಿತ್ರ ತೋರಿಸುವ ನಟನ ಜಾಗದಲ್ಲಿ ಬೇರೆ ಬೇರೆ ಕೇರಿಯ, ಬೇರೆ ಬೇರೆ ಉಡುಗೆಯ ಹೆಂಗಸರು ಹೋಗಲಿ. ಆಗ ಆ 27 ಎಷ್ಟಾಗುತ್ತದೆ ಎಂದು ತಿಳಿಯುವ ಕುತೂಹಲ ನನಗಿದೆ.

ಅಷ್ಟರಲ್ಲಿ ಕೇಳುವವರಿಗೆ ಇನ್ನೊಂದು ತೊಡಕು. ಓಆರ್‌ಎಸ್ ಎಂಬ ಮೂರಕ್ಷರವನ್ನು ಹೆಸರಿಗೆ ಅಂಟಿಸಿಕೊಂಡ ಸಿಹಿ ಪಾನೀಯಗಳು ಮೆಡಿಕಲ್ ಶಾಪುಗಳ ಕಪಾಟು ಹತ್ತಿದ್ದವು. ಆಹಾರ ಸುರಕ್ಷತಾ ಪ್ರಾಧಿಕಾರ 2022ರ ಏಪ್ರಿಲ್‌ನಲ್ಲಿ ಇದನ್ನು ತಡೆಯಿತು, ಜುಲೈಯಲ್ಲಿ ‘ಇದು ಓಆರ್‌ಎಸ್ ಅಲ್ಲ’ ಎಂಬ ಸೂಚನೆ ಮುದ್ರಿಸಿದರೆ ಸಾಕೆಂದು ಸಡಿಲಿಸಿತು. ಹೈದರಾಬಾದಿನ ಮಕ್ಕಳ ತಜ್ಞೆ ಡಾ. ಶಿವರಂಜನಿ ಸಂತೋಷ್ ವರ್ಷಗಟ್ಟಲೆ ಹೋರಾಡಿದ ಮೇಲೆ 2025ರ ಅಕ್ಟೋಬರ್‌ನಲ್ಲಿ ಆ ಸಡಿಲಿಕೆಯನ್ನು ಹಿಂತೆಗೆದುಕೊಂಡಿತು. ಆ ಪಾನೀಯಗಳಲ್ಲಿ ಸಕ್ಕರೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರಕ್ಕಿಂತ ಹಲವು ಪಟ್ಟು ಹೆಚ್ಚು. ಭೇದಿಯಾದ ಮಗುವಿಗೆ ಅಂಥದ್ದನ್ನು ಕುಡಿಸಿದರೆ ಸಕ್ಕರೆ ದೇಹದ ನೀರನ್ನು ಕರುಳಿನೊಳಕ್ಕೆ ಎಳೆದು ಭೇದಿಯನ್ನು ಹೆಚ್ಚಿಸುತ್ತದೆ.