ಹಿತ್ತಲಿಲ್ಲದ ಆಕಾಶ

ಡಿಸೆಂಬರ್ ಬಂತೆಂದರೆ ಊರಿನ ವಾಟ್ಸಾಪ್ ಗ್ರೂಪುಗಳಲ್ಲಿ ಬೆಳಗಿನ ಆಕಾಶದ ಪನೋರಮಾಗಳು ಶುರು. ‘ನಮ್ಮ ಸಿರಿಗೆರೆ, ಮನೆ ಹಿತ್ತಲಿಂದ’ ಅಂತ ಕೆಳಗೆ ಬರೆದಿರುತ್ತೆ. ಬರೆಯದಿದ್ದರೆ ಗೊತ್ತಾಗೋದೇ ಇಲ್ಲ. ಉದ್ದಕ್ಕೂ ಕೇಸರಿ, ಮೇಲೆ ನೀಲಿ, ತಳದಲ್ಲೊಂದು ಕಪ್ಪು ಗೆರೆ. ಹೊಸದುರ್ಗ ಅಂದರೂ ನಂಬಬಹುದು, ನೈರೋಬಿ ಅಂದರೂ ನಂಬಬಹುದು. ಚಿತ್ರ ಚೆನ್ನಾಗಿದೆ, ಆದರೆ ಅದರಲ್ಲಿ ಹಿತ್ತಲೇ ಇಲ್ಲ. ನನ್ನ ತಕರಾರು ಇಷ್ಟೇ.

ಹಿತ್ತಲು ಬಿಟ್ಟುಹೋಗೋದಕ್ಕೆ ಅರ್ಧ ಕಾರಣ ಫೋನು. ಪನೋರಮಾ ಅಂದರೆ ಒಂದೇ ಏಟಿಗೆ ತೆಗೆದ ಫೋಟೊ ಅಲ್ಲ. ನಾವು ತಿರುಗಿದ ಹಾಗೆಲ್ಲ ಫೋನು ಪಟ್ಟಿ ಪಟ್ಟಿಯಾಗಿ ಹಿಡಿದು ಹೊಲಿಯುತ್ತೆ. ದೂರದ ಮೋಡಕ್ಕೆ ಈ ಹೊಲಿಗೆ ಸರಿಯಾಗಿ ಕೂರುತ್ತೆ. ಹತ್ತಿರದ ಕರೆಂಟ್ ವೈರು ಮುರಿದು ಕಾಣುತ್ತೆ, ಕಾಂಪೌಂಡ್ ಗೋಡೆ ಬಿಲ್ಲಿನಂತೆ ಬಾಗುತ್ತೆ. ಅದಕ್ಕೇ ಜನ ಫೋನನ್ನು ಮೇಲಕ್ಕೆತ್ತುತ್ತಾರೆ. ನೀರಿನ ಟ್ಯಾಂಕು, ಬಟ್ಟೆ ಒಣಹಾಕುವ ಹಗ್ಗ, ತೆಂಗಿನ ಗರಿ ಎಲ್ಲ ಹೊರಗೆ. ಉಳಿದರ್ಧ ಕಾರಣ ನಮ್ಮದೇ: ಇವೆಲ್ಲ ‘ಅಂದಗೆಡಿಸೋ’ ವಸ್ತುಗಳು ಅನ್ನೋ ಭಾವನೆ.

ಆದರೆ ಆಕಾಶದ ಮೇಲೆ ‘ಚಳಿಗಾಲ’ ಅಂತ ಬರೆದಿರೋದಿಲ್ಲ. ಸಿರಿಗೆರೆ ಇರುವ ಅಕ್ಷಾಂಶದಲ್ಲಿ ಡಿಸೆಂಬರ್ 21ರ ಸುಮಾರಿಗೆ ಸೂರ್ಯ ನೇರ ಪೂರ್ವದಿಂದ ಸುಮಾರು 24 ಡಿಗ್ರಿ ದಕ್ಷಿಣಕ್ಕೆ ಸರಿದು ಹುಟ್ಟುತ್ತಾನೆ. ಜೂನ್ 21ಕ್ಕೆ ಅಷ್ಟೇ ಉತ್ತರಕ್ಕೆ. ನಡುವಿನ ಅಂತರ 48 ಡಿಗ್ರಿ, ಅಂದರೆ ಕಾಲು ಸುತ್ತಿನ ಅರ್ಧಕ್ಕಿಂತ ಜಾಸ್ತಿ. ಇಷ್ಟು ದೊಡ್ಡ ಓಡಾಟವನ್ನು ಯಾವುದರಿಂದ ಅಳೆಯೋದು? ಟ್ಯಾಂಕಿನ ಈ ಕಡೆ ಹುಟ್ಟಿದನೋ, ಪಕ್ಕದ ಮನೆಯವರ ನುಗ್ಗೆ ಮರದ ಆ ಕಡೆಯೋ ಅನ್ನೋದರಿಂದ ತಾನೆ? ಅವನ್ನು ಕತ್ತರಿಸಿದರೆ ಊರಿನ ಜೊತೆ ಋತುವೂ ಹೋಯಿತು.

ಇನ್ನೊಂದು ವಿಚಿತ್ರ. ಅಗಲ ಬೇಕು ಅಂತಲೇ ಪನೋರಮಾ ತೆಗೆಯುವವರು ಪೂರ್ವ ಬಿಟ್ಟು ಕದಲೋದಿಲ್ಲ. ಸೂರ್ಯ ಹುಟ್ಟೋಕೆ ಮುಂಚೆ ಬೆನ್ನ ಹಿಂದೆ ತಿರುಗಿದರೆ, ಪಶ್ಚಿಮದ ಅಂಚಿನಲ್ಲಿ ಬೂದುನೀಲಿ ಪಟ್ಟಿಯೊಂದು ಕಾಣುತ್ತೆ. ಅದು ವಾತಾವರಣದ ಮೇಲೆ ಬಿದ್ದ ಭೂಮಿಯ ನೆರಳು. ಅದರ ಮೇಲೆ ಗುಲಾಬಿ ಅಂಚು. ಸೂರ್ಯ ಮೇಲೇರಿದಂತೆ ನೆರಳು ಇಳಿದು ಮಾಯವಾಗುತ್ತೆ. ಈ ಎರಡೂ ದಿಕ್ಕನ್ನು ಒಂದೇ ಚಿತ್ರದಲ್ಲಿ ಹಿಡಿಯೋದು ಪನೋರಮಾಕ್ಕೆ ಮಾತ್ರ ಸಾಧ್ಯ. ಆ ಕೆಲಸ ಬಿಟ್ಟು ಅದು ಇನ್ನೆಲ್ಲ ಮಾಡುತ್ತಿದೆ.

ಬೇಂದ್ರೆಯವರ ‘ಬೆಳಗು’ ನೆನಪಿಸಿಕೊಳ್ಳಿ. 1932ರ ‘ಗರಿ’ ಸಂಕಲನದಲ್ಲಿದೆ. ಮೂಡಲ ದಿಕ್ಕಿನ ವೈಭವದಿಂದ ಶುರುವಾಗುವ ಪದ್ಯ ಅಲ್ಲೇ ನಿಲ್ಲೋದಿಲ್ಲ. ಎಲೆ, ಹನಿ, ಗಿಡಗಂಟಿ, ಹಕ್ಕಿಯ ದನಿಗೆ ಇಳಿದು ಬರುತ್ತೆ. ನಮ್ಮ ಕ್ಯಾಮೆರಾ ಆ ಅರ್ಧ ದಾರಿಯನ್ನು ಇಳಿಯೋದೇ ಇಲ್ಲ.

ತಂತ್ರ ಕಷ್ಟದ್ದಲ್ಲ. ಕೈ ಚಾಚಿ ಬೀಸಬೇಡಿ. ಫೋನು ನಿಂತ ಜಾಗದಲ್ಲೇ ಸುತ್ತುವಂತೆ ನೀವು ಅದರ ಸುತ್ತ ಹೆಜ್ಜೆ ಸರಿಸಿ. ಬೆಳಕು ಹೆಚ್ಚಿರುವ ಕಡೆ ಪರದೆಯನ್ನು ಒತ್ತಿ ಹಿಡಿದು ಎಕ್ಸ್‌ಪೋಷರ್ ಲಾಕ್ ಮಾಡಿ, ಇಲ್ಲದಿದ್ದರೆ ಆರೂವರೆಯ ಮಬ್ಬು ಎಂಟು ಗಂಟೆಯ ಬೆಳಕಾಗಿಬಿಡುತ್ತೆ. ಆಮೇಲೂ ವೈರು ಒಂದು ಕಡೆ ಮುರಿದರೆ ಮುರಿಯಲಿ.

ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಕೂತು ಈ ಚಿತ್ರ ನೋಡುವವರು ಬಣ್ಣಕ್ಕಾಗಿ ಕಾದಿರೋದಿಲ್ಲ, ಬಣ್ಣ ಇಂಟರ್ನೆಟ್ ತುಂಬ ಇದೆ. ಅವರು ಝೂಮ್ ಮಾಡಿ ಹುಡುಕೋದು ಹಗ್ಗದ ಮೇಲೆ ಯಾರ ಸೀರೆ ಇದೆ, ನುಗ್ಗೆ ಮರ ಇನ್ನೂ ಇದೆಯಾ ಅಂತ. ಹಿತ್ತಲುಗಳಲ್ಲಿ ರೂಮು ಏಳುತ್ತಿರುವ ಕಾಲ ಇದು. ಮುಂದಿನ ಚಳಿಗಾಲಕ್ಕೆ ಆ ಮರ ಇರುತ್ತೋ ಇಲ್ಲವೋ, ಆಕಾಶವಂತೂ ಇರುತ್ತೆ.