ಗೊಲ್ಗೊಥಾ, ಕಥಾಮಾಲೆ, ವಿನಂತಿ

ಕನ್ನಡ ಸಾಹಿತ್ಯಕ್ಕೆ ಕ್ರೈಸ್ತರ ಕೊಡುಗೆ ಎಂದೊಡನೆ ನಮ್ಮಲ್ಲಿ ಹೆಚ್ಚಿನವರ ನಾಲಿಗೆಗೆ ಬರುವುದು ಕಿಟ್ಟೆಲ್ ಅವರ ನಿಘಂಟು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ, ಸುಮಾರು ಎಪ್ಪತ್ತು ಸಾವಿರ ಶಬ್ದಗಳ ಆ ಮಹಾಕೃತಿಗೆ ಒಮ್ಮೆ ಕೈಮುಗಿದು ನಾವು ಮುಂದೆ ಸಾಗುತ್ತೇವೆ. ಅದನ್ನು ಕಟ್ಟಿದವರ ಶ್ರದ್ಧೆ ಎಂಥದು, ಆ ಶ್ರದ್ಧೆ ಕನ್ನಡದಲ್ಲಿ ಹೇಗೆ ಮರುಗಿತು, ಹೇಗೆ ಹಾಡಿತು ಎಂದು ಕೇಳುವ ಗೊಡವೆಗೆ ಹೋಗುವುದಿಲ್ಲ. ಶಬ್ದಗಳು ನಮಗೆ ಬೇಕು, ಶಬ್ದ ಕೂಡಿಸಿದವನ ನಂಬಿಕೆ ಅವನ ಮನೆಯ ವಿಚಾರ ಎಂಬ ಧೋರಣೆ ಇದು. ಸಾಹಿತ್ಯ ವಿಮರ್ಶೆಯ ದೃಷ್ಟಿಯಿಂದ ಇದು ಅರ್ಧ ಓದು ಎಂದು ನಮಗೆ ತೋರುತ್ತದೆ.

ನಾಗಪುರದಲ್ಲಿ ನೆಲೆಸಿರುವ ಕನ್ನಡಿಗರಿಗೆ ಇಂಥ ಅರ್ಧ ಓದು ಒಪ್ಪುವುದಿಲ್ಲ. ಧರ್ಮವೆಂಬುದು ಮನೆಯ ದೇವರ ಕೋಣೆಯಲ್ಲಿ ಮುಗಿಯುವ ಸಂಗತಿಯಲ್ಲ ಎಂಬುದನ್ನು ಕಂಡ ಊರು ಇದು. 1956ರ ಅಕ್ಟೋಬರ್ 14ರಂದು ಡಾ. ಅಂಬೇಡ್ಕರ್ ಅವರು ಲಕ್ಷಾಂತರ ಜನರೊಡನೆ ಬೌದ್ಧ ದೀಕ್ಷೆ ಪಡೆದದ್ದು ಇಲ್ಲಿ. 1970ರ ನವೆಂಬರ್ 29ರಂದು ಆರು ಕ್ರೈಸ್ತ ಸಭೆಗಳು ಒಂದುಗೂಡಿ ‘ಚರ್ಚ್ ಆಫ್ ನಾರ್ತ್ ಇಂಡಿಯಾ’ ಆದದ್ದೂ ಇಲ್ಲಿಯೇ. ನಮ್ಮ ಮಕ್ಕಳಲ್ಲಿ ಕೆಲವರಾದರೂ ಹಿಸ್ಲಾಪ್ ಕಾಲೇಜಿನ ಮೆಟ್ಟಿಲು ಹತ್ತಿದವರು. ಆ ಹೆಸರಿನ ಸ್ಟೀಫನ್ ಹಿಸ್ಲಾಪ್ 1845ರಲ್ಲಿ ನಾಗಪುರಕ್ಕೆ ಬಂದ ಸ್ಕಾಟ್ಲೆಂಡಿನ ಪಾದ್ರಿ. ಶಾಲೆ ತೆರೆದರು, ಕಲ್ಲು ಮಣ್ಣು ಪರೀಕ್ಷಿಸಿದರು, ಗೋಂಡರ ಹಾಡು-ಕಥೆಗಳನ್ನು ಬರೆದಿಟ್ಟುಕೊಂಡರು. 1863ರಲ್ಲಿ ನೀರಿನಲ್ಲಿ ಮುಳುಗಿ ತೀರಿಕೊಂಡಾಗ ಆ ಟಿಪ್ಪಣಿಗಳು ಕೈಬರಹದಲ್ಲೇ ಇದ್ದವು. ರಿಚರ್ಡ್ ಟೆಂಪಲ್ 1866ರಲ್ಲಿ ಅವನ್ನು ಅಚ್ಚು ಹಾಕಿಸಿದರು. ಗೋಂಡಿ ನಮ್ಮ ಕನ್ನಡದ ದಾಯಾದಿ ಭಾಷೆ ಎಂಬುದನ್ನು ಇಲ್ಲಿ ನೆನೆಯಬೇಕು. ಧರ್ಮ ಹೇಳಲು ಬಂದವನು ಮೊದಲು ಈ ನೆಲದ ಹಾಡಿಗೆ ಕಿವಿಗೊಟ್ಟ ಎಂಬ ಈ ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಕನ್ನಡದ ಮೂರು ಕೃತಿಗಳತ್ತ ತಿರುಗೋಣ.

ಕ್ರೈಸ್ತ ಶ್ರದ್ಧೆಗೆ ಮೂರು ಮುಖಗಳು. ಶಿಲುಬೆಯ ಮುಂದಿನ ಗಾಂಭೀರ್ಯ ಒಂದು, ಶುಭವಾರ್ತೆಯ ಹರ್ಷ ಇನ್ನೊಂದು, ಆ ವಾರ್ತೆಯನ್ನು ಪರರಿಗೆ ಮುಟ್ಟಿಸಬೇಕೆಂಬ ಸೇವಾದೀಕ್ಷೆ ಮೂರನೆಯದು. ಸ್ವಾರಸ್ಯವೆಂದರೆ ಕನ್ನಡದಲ್ಲಿ ಈ ಮೂರೂ ಮೂವರ ಪಾಲಾಗಿ ಹಂಚಿಹೋಗಿವೆ. ಗಾಂಭೀರ್ಯ ಸಂದದ್ದು ಕ್ರೈಸ್ತನಲ್ಲದ ಕವಿಗೆ. ಹರ್ಷ ಪರದೇಶದಿಂದ ಬಂದ ಪಾದ್ರಿಗೆ. ಸೇವಾದೀಕ್ಷೆ ಧಾರವಾಡದ ಮಣ್ಣಿನ ಮಗನಿಗೆ.

ಮೊದಲನೆಯದು ಮಂಜೇಶ್ವರದ ಗೋವಿಂದ ಪೈಗಳ ‘ಗೊಲ್ಗೊಥಾ’ (1937). ಯೇಸುವಿನ ಕಡೆಯ ದಿನವೇ ಇದರ ವಸ್ತು. 1911ರಷ್ಟು ಹಿಂದೆಯೇ ಆದಿಪ್ರಾಸದ ಕಟ್ಟು ಮುರಿದ ಪೈಗಳು ಇಲ್ಲಿ ಪ್ರಾಸವಿಲ್ಲದ ಸರಳ ರಗಳೆಯನ್ನು ಹಿಡಿದಿದ್ದಾರೆ. ಕಪಾಲಸ್ಥಳ ಎಂಬರ್ಥದ ಊರಾಚೆಯ ಹೆಸರನ್ನು ಕನ್ನಡಿಸದೆ ಹಾಗೆಯೇ ಉಳಿಸಿಕೊಂಡದ್ದು ಕವಿಯ ಜೊತೆಗಿದ್ದ ಇತಿಹಾಸ ಸಂಶೋಧಕನ ನಿಷ್ಠೆಗೆ ಸಾಕ್ಷಿ. ಸಂಸ್ಕೃತ, ಹಳಗನ್ನಡಗಳನ್ನು ಬೆಸೆದ ಆ ಶೈಲಿ ಭಾರವಾದ ಹೆಜ್ಜೆಯಲ್ಲಿ ನಡೆಯುತ್ತದೆ; ಶಿಲುಬೆ ಹೊತ್ತವನ ನಡೆಗೆ ಅದು ತಕ್ಕದ್ದೇ. ತನ್ನದಲ್ಲದ ಧರ್ಮದ ಅತ್ಯಂತ ಪವಿತ್ರ ದಿನವನ್ನು, ಖಂಡನೆ ಮಂಡನೆಗಳ ಗೋಜಿಗೆ ಹೋಗದೆ, ಒಬ್ಬ ಕವಿ ಇಷ್ಟು ತಲೆಬಾಗಿ ನೋಡಿದ್ದು ಕನ್ನಡದ ಪುಣ್ಯ.

ಆದರೂ ಒಂದು ಮಾತು ಹೇಳದೆ ಗತ್ಯಂತರವಿಲ್ಲ. ಬೈಬಲಿನ ಯೇಸು ಬಡಗಿಯ ಮನೆಯಲ್ಲಿ ಬೆಳೆದವನು. ಬೆಸ್ತರ ದೋಣಿಯಲ್ಲಿ ಕುಳಿತು, ಬೀಜ ಬಿತ್ತುವವನ ಕಥೆ, ಕಳೆದುಹೋದ ಕುರಿಯ ಕಥೆ ಹೇಳಿದವನು. ಕಾನಾ ಊರಿನ ಮದುವೆಯಲ್ಲಿ ದ್ರಾಕ್ಷಾರಸ ಸಾಲದೆ ಹೋದಾಗ ಆರು ಕಲ್ಲಿನ ಬಾನಿಗಳ ನೀರನ್ನೇ ರಸವಾಗಿಸಿದವನು. ಆ ಆಡುಮಾತಿನ, ಊಟದ ಪಂಕ್ತಿಯ ಯೇಸು ‘ಗೊಲ್ಗೊಥಾ’ದ ಘನವಾದ ಪದಗಳ ನಡುವೆ ನಮಗೆ ಸುಲಭವಾಗಿ ಸಿಕ್ಕುವುದಿಲ್ಲ. ಕಡೆಯ ದಿನವನ್ನೇ ಆರಿಸಿಕೊಂಡ ಕಾವ್ಯದಲ್ಲಿ ಮೂರನೆಯ ದಿನದ ಬೆಳಗನ್ನು ಹುಡುಕುವುದು ನ್ಯಾಯವಲ್ಲ, ನಿಜ. ಬುದ್ಧನ ಕೊನೆಯ ದಿನವನ್ನು ಕುರಿತು 1946ರಲ್ಲಿ ‘ವೈಶಾಖಿ’ ಬರೆದ ಈ ಕವಿಗೆ ಮಹಾಪುರುಷರ ಮಹಿಮೆ ಕಂಡದ್ದು ಅವರ ಅಂತ್ಯದಲ್ಲಿ. ಆದರೆ ಭಕ್ತನಿಗೆ ಶುಕ್ರವಾರದ ಶಿಲುಬೆಗೆ ಅರ್ಥ ಬರುವುದು ಭಾನುವಾರದ ಬೆಳಕಿನಿಂದ. ಗಾಂಭೀರ್ಯ ಒಂದೇ ನಿಂತರೆ ಅದು ಗೌರವವಾಗುತ್ತದೆ, ಶ್ರದ್ಧೆಯಾಗುವುದಿಲ್ಲ.

ಆ ಬೆಳಕಿನ ಕಡೆಗೆ ಕೈಚಾಚಿದ ಕೃತಿ ಫರ್ಡಿನಂಡ್ ಕಿಟ್ಟೆಲ್ ಅವರ ‘ಕಥಾಮಾಲೆ’ (1862). ಜರ್ಮನಿಯಲ್ಲಿ ಹುಟ್ಟಿ, 1853ರಲ್ಲಿ ಬಾಸೆಲ್ ಮಿಶನ್ನಿನ ಪಾದ್ರಿಯಾಗಿ ಬಂದವರು, ಒಂಬತ್ತೇ ವರ್ಷಗಳಲ್ಲಿ ಯೇಸುವಿನ ಚರಿತ್ರೆಯನ್ನು ನಮ್ಮ ನಾಡಿನ ಛಂದಸ್ಸಿನಲ್ಲಿ ಕಟ್ಟಿದರು. ಮುಂದೆ ಅವರೇ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನೂ (1872) ನಾಗವರ್ಮನ ‘ಛಂದೋಂಬುಧಿ’ಯನ್ನೂ (1875) ಸಂಪಾದಿಸಿದರೆಂಬುದನ್ನು ನೆನೆದರೆ, ‘ಕಥಾಮಾಲೆ’ ಕೇವಲ ಹವ್ಯಾಸದ ಪದ್ಯವಲ್ಲವೆಂಬುದು ತಿಳಿಯುತ್ತದೆ. ಭಾರತ, ಜೈಮಿನಿಗಳನ್ನು ರಾಗವಾಗಿ ಓದಿಸಿ ಕೇಳುತ್ತಿದ್ದ ಜನಕ್ಕೆ ಹೊಸ ಕಥೆಯನ್ನೂ ಅವರ ಕಿವಿಗೆ ಒಗ್ಗಿದ ಲಯದಲ್ಲೇ ಹೇಳಬೇಕೆಂಬ ಸೂಕ್ಷ್ಮ ಅದರಲ್ಲಿದೆ.

ಇದರ ಬೆಲೆ ತಿಳಿಯಬೇಕಾದರೆ ಚರ್ಚಿನ ಹಾಡುಗಳನ್ನು ಗಮನಿಸಬೇಕು. ಪರದೇಶದ ಧಾಟಿಗೆ ಕನ್ನಡ ಮಾತು ಕೂಡಿಸಿದಾಗ ಹ್ರಸ್ವಾಕ್ಷರವನ್ನು ಎಳೆಯಬೇಕಾಗುತ್ತದೆ, ದೀರ್ಘವನ್ನು ನುಂಗಬೇಕಾಗುತ್ತದೆ. ಹಾಡುವವರ ಭಕ್ತಿಗೆ ಕೊರತೆಯಿಲ್ಲ, ಆದರೆ ಮಾತು ಉಸಿರುಕಟ್ಟಿ ನಿಲ್ಲುತ್ತದೆ. ನಮ್ಮದೇ ಲಯ ಬಂದೊಡನೆ ಕೈ ತಾನಾಗಿ ತಾಳ ಹಾಕುತ್ತದೆ. ಹರ್ಷವೆಂಬುದು ಬೋಧಿಸಿ ಬರಿಸುವ ಭಾವವಲ್ಲ. ಅದು ಭಾಷೆಯ ನಡಿಗೆಯಲ್ಲೇ ಹುಟ್ಟಬೇಕು. ಇದನ್ನು ಅರಿತ ಕಿಟ್ಟೆಲ್ ಅವರ ಒಲವು ಮಿಶನ್ನಿನ ಹಿರಿಯರಿಗೆ ಅಷ್ಟಾಗಿ ಹಿಡಿಸಲಿಲ್ಲ. ಕಾವ್ಯವಾಗಿ ‘ಕಥಾಮಾಲೆ’ ಕುಮಾರವ್ಯಾಸನ ಪಕ್ಕದಲ್ಲಿ ನಿಲ್ಲುವಂಥದಲ್ಲ. ಛಂದಸ್ಸನ್ನು ಕಲಿತವನಿಗೂ ಅದರಲ್ಲೇ ಹುಟ್ಟಿದವನಿಗೂ ವ್ಯತ್ಯಾಸ ಇದ್ದೇ ಇದೆ. ಆದರೆ ಕನ್ನಡದಲ್ಲಿ ಕ್ರಿಸ್ತನ ಕಥೆಯನ್ನು ಹಾಡಿಕೊಳ್ಳಬಹುದು ಎಂದು ತೋರಿಸಿದ ಕೀರ್ತಿ ಅದರದು.

ಮೂರನೆಯದು ಉತ್ತಂಗಿ ಚನ್ನಪ್ಪನವರ ‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ’ (1921). ಧಾರವಾಡದಲ್ಲಿ 1881ರಲ್ಲಿ ಹುಟ್ಟಿದ ಉತ್ತಂಗಿಯವರು ಬಾಸೆಲ್ ಮಿಶನ್ನಿನ ಪಾದ್ರಿ. ‘ಮಿಶನ್’ ಎಂಬ ಮಾತು ಕಿವಿಗೆ ಬಿದ್ದರೆ ನಮ್ಮ ಜನ ಇಂದಿಗೂ ಹುಬ್ಬು ಗಂಟಿಕ್ಕುತ್ತಾರೆ. ಆ ಶಂಕೆಗೆ ಚರಿತ್ರೆಯಲ್ಲಿ ಕಾರಣವೇ ಇಲ್ಲವೆಂದು ನಾವು ಹೇಳಲಾರೆವು. ಪರರ ದೇವರನ್ನು ಹಳಿದ ಕರಪತ್ರಗಳು ಇದ್ದವು, ಉತ್ತರವಾಗಿ ಹಳಿದವರೂ ಇದ್ದರು. ಅಂಥ ಕಾಲದಲ್ಲಿ ಒಬ್ಬ ಪಾದ್ರಿ ತನ್ನ ಪುಸ್ತಕಕ್ಕೆ ಇಟ್ಟ ಹೆಸರನ್ನು ನೋಡಿರಿ. ಆಜ್ಞೆಯಲ್ಲ, ಸವಾಲಲ್ಲ, ವಿನಂತಿ. ಬೆತ್ಲೆಹೇಮು ಬನಾರಸದ ಬಾಗಿಲಲ್ಲಿ ಕೈಕಟ್ಟಿ ನಿಂತು ಎರಡು ಮಾತು ಕೇಳಿಸಿಕೊಳ್ಳಿರೆಂದು ಬೇಡುತ್ತದೆ. ಬೇಡುವವನು ಎದುರಿನವನನ್ನು ದೊಡ್ಡವನೆಂದು ಒಪ್ಪಿರುತ್ತಾನೆ.

ಕೇಳಿಸಿಕೊಳ್ಳಿರೆಂದ ಮನುಷ್ಯ ತಾನು ಕೇಳಿಸಿಕೊಂಡನೇ ಎಂಬುದೇ ಇಲ್ಲಿ ಒರೆಗಲ್ಲು. ಉತ್ತಂಗಿಯವರು ಈ ಪರೀಕ್ಷೆಯಲ್ಲಿ ಗೆದ್ದವರು. ಹಸ್ತಪ್ರತಿಗಳಿಂದಲೂ ಹಳ್ಳಿಯವರ ಬಾಯಿಂದಲೂ ಸರ್ವಜ್ಞನ ತ್ರಿಪದಿಗಳನ್ನು ಕಲೆಹಾಕಿ 1924ರಲ್ಲಿ ‘ಸರ್ವಜ್ಞನ ವಚನಗಳು’ ಹೊರತಂದರು. ಮುಂದೆ ಶಿವಶರಣರ ಸಾಹಿತ್ಯಕ್ಕೆ ತಮ್ಮ ಮುಪ್ಪನ್ನೇ ಮೀಸಲಿಟ್ಟರು. ಅನುಭವ ಮಂಟಪದ ಐತಿಹಾಸಿಕತೆಯನ್ನು ಎತ್ತಿಹಿಡಿದು ಬರೆದರು. ಅವರು 1962ರಲ್ಲಿ ತೀರಿಕೊಳ್ಳುವವರೆಗೂ ಕ್ರೈಸ್ತರಾಗಿಯೇ ಇದ್ದರು. 1949ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನಕ್ಕೆ ಅವರನ್ನೇ ಅಧ್ಯಕ್ಷರನ್ನಾಗಿ ಕನ್ನಡಿಗರು ಆರಿಸಿದ್ದು ಆ ವಿನಂತಿಗೆ ಬನಾರಸ ಕೊಟ್ಟ ಉತ್ತರವೆಂದೇ ನಾವು ತಿಳಿಯುತ್ತೇವೆ.

ಮೂರನ್ನೂ ಒಟ್ಟಿಗಿಟ್ಟು ನೋಡಿದಾಗ ತೋರುವುದಿಷ್ಟು. ಗಾಂಭೀರ್ಯಕ್ಕೆ ದೂರದ ನೋಟ ಸಾಕಾದೀತು. ಪೈಗಳು ಅದನ್ನು ಸಾಧಿಸಿದರು. ಹರ್ಷಕ್ಕೆ ಜನರ ಲಯ ಬೇಕು. ಕಿಟ್ಟೆಲ್ ಅದನ್ನು ಅರಸಿದರು. ಸೇವಾದೀಕ್ಷೆಗೆ ಜನರೇ ಬೇಕು, ಅವರ ಮಾತಿಗೆ ಕಿವಿ ಬೇಕು, ಉತ್ತಂಗಿಯವರಿಗೆ ಅದಿತ್ತು. ಕೇಳುವ ಕಿವಿಯಿಲ್ಲದ ದೀಕ್ಷೆ ಬರಿಯ ಪ್ರಚಾರವಾಗಿ ಒಣಗುತ್ತದೆ. ಇದು ಕ್ರೈಸ್ತರಿಗೆ ಮಾತ್ರ ಹೇಳಿದ ಮಾತಲ್ಲ. ಹೊರನಾಡಿನಲ್ಲಿ ಕನ್ನಡದ ದೀಕ್ಷೆ ತೊಟ್ಟಿದ್ದೇವೆನ್ನುವ ನಮ್ಮಂಥ ಸಂಘಗಳಿಗೂ ಸಲ್ಲುತ್ತದೆ.

ರೈಲ್ವೆ, ಬ್ಯಾಂಕು, ಸರ್ಕಾರಿ ಕಚೇರಿಗಳ ನೌಕರಿ ಹಿಡಿದು ಹೊರನಾಡಿಗೆ ಬಂದವರಲ್ಲಿ ಧಾರವಾಡ, ಗದಗ, ಮಂಗಳೂರು ಕಡೆಯ ಕ್ರೈಸ್ತ ಮನೆಗಳೂ ಉಂಟು. ಅವರ ಪಾಡು ನಮಗಿಂತ ಒಂದು ತೂಕ ಹೆಚ್ಚಿನದು. ನಮಗೆ ದಾಸರ ಪದ, ವಚನಗಳು ಕನ್ನಡದಲ್ಲೇ ಉಳಿದಿವೆ. ಮನೆಯ ಪೂಜೆಯೊಡನೆ ಭಾಷೆಯೂ ಮಕ್ಕಳಿಗೆ ಇಳಿಯುತ್ತದೆ. ಅವರಿಗಾದರೋ ಭಾನುವಾರದ ಪ್ರಾರ್ಥನೆ ಇಲ್ಲಿ ಇಂಗ್ಲಿಷು, ಹಿಂದಿ, ಮರಾಠಿಗಳಲ್ಲಿ. ಅಜ್ಜಿ ಕಣ್ಣುಮುಚ್ಚಿ ಹಾಡುವ ಕನ್ನಡ ಕೀರ್ತನೆ ಮೊಮ್ಮಗುವಿಗೆ ಅರ್ಥವಾಗದ ದಿನ ಬಂದರೆ, ಕಳೆಯುವುದು ಒಂದು ಮನೆಯ ಭಾಷೆಯಷ್ಟೇ ಅಲ್ಲ. ಕನ್ನಡಕ್ಕಿದ್ದ ಒಂದು ಬಗೆಯ ಸಂತೋಷವೇ ಇಲ್ಲಿ ನಿಂತುಹೋಗುತ್ತದೆ.

ಆದ್ದರಿಂದ ರಾಜ್ಯೋತ್ಸವದ ಭಾಷಣದಲ್ಲಿ ಕಿಟ್ಟೆಲ್ ಹೆಸರು ಹೇಳಿ ಚಪ್ಪಾಳೆ ತಟ್ಟಿದರೆ ಸಾಲದು. ನಮ್ಮ ವಾಚನಾಲಯದ ಕಪಾಟಿನಲ್ಲಿ ‘ಗೊಲ್ಗೊಥಾ’ದ ಪಕ್ಕದಲ್ಲಿ ಉತ್ತಂಗಿಯವರ ಪುಸ್ತಕಗಳಿಗೂ ಒಂದು ಕನ್ನಡ ಕೀರ್ತನೆಗಳ ಪುಸ್ತಕಕ್ಕೂ ಜಾಗವಿರಲಿ. ದಾಸರ ಪದಗಳ ಕಾರ್ಯಕ್ರಮ ನಡೆಸುವ ವೇದಿಕೆಯ ಮೇಲೆ ಡಿಸೆಂಬರಿನ ಒಂದು ಸಂಜೆ ಕನ್ನಡ ಕೀರ್ತನೆಗಳೂ ಕೇಳಿಬರಲಿ. ಹಾಡಬಲ್ಲ ತಾಯಂದಿರು ನಮ್ಮ ನಡುವೆಯೇ ಇದ್ದಾರೆ. ಇದು ನಮ್ಮ ಸದಸ್ಯರಲ್ಲಿ ನಮ್ಮ ವಿನಂತಿ.