ಮೈಸೂರಿನ ಬಡಾವಣೆಗಳು: ಹಿತ್ತಿಲ ಕಡೆಯಿಂದ

ಮೈಸೂರಿನ ಹಳೆಯ ಬಡಾವಣೆಗಳ ವಾಸ್ತುಶಿಲ್ಪದ ಮಾತು ಬಂದರೆ ಎಲ್ಲರ ಕಣ್ಣೂ ಮನೆಯ ಮುಂಭಾಗಕ್ಕೇ ಹೋಗುತ್ತದೆ: ಜಗಲಿ, ಮಂಗಳೂರು ಹೆಂಚು, ಮರದ ಜಾಲರಿ, ಕಾಂಪೌಂಡಿನೊಳಗಿನ ಸಂಪಿಗೆ. ಆದರೆ ಚಾಮರಾಜಪುರಂ, ಲಕ್ಷ್ಮೀಪುರಂ, ಕೃಷ್ಣಮೂರ್ತಿಪುರಂ, ಒಂಟಿಕೊಪ್ಪಲುಗಳಲ್ಲಿ ಸರ್ಕಾರ ವಿನ್ಯಾಸ ಮಾಡಿದ್ದು ಮನೆಯನ್ನಲ್ಲ, ಸೈಟನ್ನು. ಪ್ಲೇಗಿನ ಭೀತಿ ಊರನ್ನು ಅಲ್ಲಾಡಿಸಿದ ಮೇಲೆ, 1903ರಲ್ಲಿ ಹುಟ್ಟಿದ ನಗರ ಸುಧಾರಣಾ ಮಂಡಳಿ (ಸಿಐಟಿಬಿ) ನೇರ ರಸ್ತೆ ಎಳೆಯಿತು, ಚರಂಡಿ ತೆಗೆಸಿತು, ಪಾರ್ಕಿಗೆ ಜಾಗ ಬಿಟ್ಟಿತು, ಸೈಟು ಹಂಚಿತು. ಮನೆ ಕಟ್ಟುವ ಹೊಣೆಯನ್ನು ಬಹುಮಟ್ಟಿಗೆ ಸೈಟು ಪಡೆದವರಿಗೇ ಬಿಟ್ಟಿತು. ಈ ಪರಂಪರೆಯ ಹೆಚ್ಚುಗಾರಿಕೆಯೂ ಕೊರತೆಯೂ ಈ ಒಂದು ತೀರ್ಮಾನದಲ್ಲಿವೆ.

ಎರಡು ಮಹಾಯುದ್ಧಗಳ ನಡುವಿನ ಫ್ರಾನ್ಸನ್ನು ಪಕ್ಕದಲ್ಲಿಟ್ಟರೆ ಇದು ಸ್ಪಷ್ಟವಾಗುತ್ತದೆ. ಅಲ್ಲಿ ಪ್ಯಾರಿಸ್ಸಿನ ಹೊರವಲಯದ ಸ್ಯುರೆನ್‌ನಲ್ಲಿ ಮೇಯರ್ ಆಂರಿ ಸೆಲ್ಯೇ ಕಟ್ಟಿಸಿದ ಉದ್ಯಾನನಗರಿ ಬಾಡಿಗೆಯ ಮನೆಗಳದು. 1928ರ ಲೂಶರ್ ಕಾನೂನು ಅಂಥ ಅಗ್ಗದ ವಸತಿಗೆ ಸರ್ಕಾರದ ಹಣ ಹರಿಸಿತು. ಪ್ಯಾರಿಸ್ಸಿನ ಹೊರವಲಯದ್ದೇ ಆದ ದ್ರಾನ್ಸಿಯಲ್ಲಿ ಬೋದ್ವಾಂ ಮತ್ತು ಲೋದ್ ಎಂಬ ವಾಸ್ತುಶಿಲ್ಪಿಗಳು ಉಕ್ಕಿನ ಚೌಕಟ್ಟು, ಮೊದಲೇ ಎರಕ ಹೊಯ್ದ ಕಾಂಕ್ರೀಟಿನಿಂದ ಗೋಪುರಗಳನ್ನೇ ಎಬ್ಬಿಸಿದರು. ಆ ವಸತಿಸಮುಚ್ಚಯ ಪೂರ್ತಿಯಾಗಲಿಲ್ಲ. 1941ರಿಂದ ಯಹೂದಿಗಳನ್ನು ಕೂಡಿಹಾಕುವ ಶಿಬಿರವಾಯಿತು. ಹಾಗಾಗಿ ಫ್ರಾನ್ಸಿನದು ಮಾದರಿ ಎಂದು ಹೇಳಲು ಬಾಯಿ ಬರುವುದಿಲ್ಲ. ಆದರೂ ಸ್ವಂತ ಮನೆ ಕಟ್ಟಲಾರದವನು ಎಲ್ಲಿರಬೇಕು ಎಂಬ ಪ್ರಶ್ನೆ ಅಲ್ಲಿ ಸರ್ಕಾರದ ಮೇಜಿಗೆ ಬಂತು. ಮೈಸೂರಿನಲ್ಲಿ ಆ ಪ್ರಶ್ನೆಯನ್ನು ವಠಾರದ ಮಾಲೀಕರು ತಮಗೆ ಅನುಕೂಲವಾದಂತೆ ಬಗೆಹರಿಸಿಕೊಂಡರು. ಸಾಲು ಬಾಗಿಲು, ನಡುವೆ ಅಂಗಳ, ಎಲ್ಲರಿಗೂ ಒಂದೇ ನಲ್ಲಿ: ನಮ್ಮ ನಿಜವಾದ ಬಾಡಿಗೆ ವಸತಿಯ ವಾಸ್ತುಶಿಲ್ಪ ಅದು, ಆದರೆ ಅದಕ್ಕೆ ಯಾವ ಮಂಡಳಿಯೂ ನಕ್ಷೆ ಬರೆಯಲಿಲ್ಲ.

ಇನ್ನು ಹಿತ್ತಿಲ ಕಡೆ. ಹಳೆಯ ಬಡಾವಣೆಗಳಲ್ಲಿ ಎರಡು ಸಾಲು ಮನೆಗಳ ಬೆನ್ನಿನ ನಡುವೆ ಹಾಯುವ ಇಕ್ಕಟ್ಟಾದ ಓಣಿಗೆ ಜನ ಇಂದಿಗೂ ‘ಕನ್ಸರ್ವೆನ್ಸಿ’ ಎನ್ನುತ್ತಾರೆ. ಒಳಚರಂಡಿ ಇಲ್ಲದ ಕಾಲದಲ್ಲಿ ಹಿತ್ತಿಲ ಕಕ್ಕಸನ್ನು ಬಳಿಯಲು ಬರುವವರು ಮುಂಬಾಗಿಲಿಗೆ ಕಾಣದೆ ಬಂದು ಹೋಗಲೆಂದೇ ಮಾಡಿದ ದಾರಿ ಅದು. ಆರೋಗ್ಯದ ಹೆಸರಿನಲ್ಲಿ ಎಳೆದ ಗೆರೆ ಜಾತಿಯ ಗೆರೆಯೂ ಆಗಿತ್ತು. ಅಗ್ರಹಾರದ ಮಡಿಯನ್ನು ಎಂಜಿನಿಯರು ಅಳತೆಪಟ್ಟಿ ಹಿಡಿದು ಮತ್ತೆ ಬರೆದ. ಮಲ ಹೊರುವ ಪದ್ಧತಿಯನ್ನು ನಿಷೇಧಿಸಲು ನಾಡು 1970ರ ದಶಕದಲ್ಲಿ ಬಿ. ಬಸವಲಿಂಗಪ್ಪನವರು ಮಂತ್ರಿಯಾಗುವವರೆಗೆ ಕಾಯಬೇಕಾಯಿತು.

ಅಂದಿನ ಅಳತೆಗೋಲಿನಲ್ಲೇ ಅಂದಿನದನ್ನು ಅಳೆಯಬೇಕು, ಇಂಥ ಓಣಿ ಬೆಂಗಳೂರಿನ ಮಲ್ಲೇಶ್ವರದಲ್ಲೂ ಇದೆ ಎಂಬ ಆಕ್ಷೇಪ ಬರುತ್ತದೆ. ನಿಜ, ಪ್ಲೇಗಿನ ಊರಿಗೆ ಗಾಳಿ ಬೆಳಕು ತಂದದ್ದು ಸಣ್ಣ ಸಾಧನೆಯಲ್ಲ. ಮಂಡಳಿ ಆಗ ಬಿಟ್ಟ ಬಯಲುಗಳ ಮೇಲೆಯೇ ಊರು ಇಂದಿಗೂ ಉಸಿರಾಡುತ್ತಿದೆ. ಆದರೆ ಸರಸ್ವತಿಪುರಂ ಪಕ್ಕದ ಕನ್ನೇಗೌಡನ ಕೊಪ್ಪಲು, ಜಯಲಕ್ಷ್ಮೀಪುರಂ ಮಗ್ಗುಲಿನ ಪಡುವಾರಹಳ್ಳಿ ಅದೇ ಕಾಲದ ಇನ್ನೊಂದು ಸಾಕ್ಷಿ ನುಡಿಯುತ್ತವೆ. ಬಡಾವಣೆ ಹಳ್ಳಿಯನ್ನು ಸುತ್ತುವರಿಯಿತು, ಅದರ ಇಕ್ಕಟ್ಟನ್ನು ಬಿಡಿಸಲಿಲ್ಲ. ದಲಿತರಿಗಾಗಿ ಆದಿಕರ್ನಾಟಕಪುರ, ಈಗಿನ ಅಶೋಕಪುರಂ, ಇತ್ತಲ್ಲ ಎಂದರೆ, ಅಲ್ಲಿ ಸುಧಾರಿಸಿದ್ದು ಕೇರಿ. ಬೇರ್ಪಡಿಕೆ ಹಾಗೇ ಉಳಿಯಿತು. ಪಾರಂಪರಿಕ ಕಟ್ಟಡಗಳ ಸಮೀಕ್ಷೆಗೆ ಹೊರಟವರು ಒಂದು ಕನ್ಸರ್ವೆನ್ಸಿಯನ್ನೂ ಒಂದು ವಠಾರವನ್ನೂ ದಾಖಲಿಸದೆ ಲಕ್ಷ್ಮೀಪುರಂ ಮುಗಿಯಿತೆಂದು ಬರೆದರೆ, ಆ ವರದಿಯಲ್ಲಿ ಅರ್ಧ ಬಡಾವಣೆ ಮಾತ್ರ ಇರುತ್ತದೆ.